ನಮ್ಮ ಮನೆಯವರಿಗೆಲ್ಲ ಹಾಗೇನೇ

ಟೈಲರ್ ಅಕ್ಕ ಊರವರಿಗೆಲ್ಲ ಬಿಳಿ, ಗುಲಾಬಿ ಬಟ್ಟೆ ಹೊಲಿದು ಕೊಡುತ್ತಾಳೆ. ತನ್ನ ಮನೆಯ ಹೆಂಗಸರಿಗೆ ಮಾತ್ರ ಕಪ್ಪು, ಇಲ್ಲವೇ ಕಡುನೀಲಿ. ಮುಟ್ಟಿನ ದಿನಗಳಲ್ಲಿ ಕಲೆ ಕಾಣಬಾರದಲ್ಲ. “ನಮ್ಮ ಮನೆಯವರಿಗೆಲ್ಲ ಹಾಗೇನೇ, ಜಾಸ್ತಿ ಹೋಗುತ್ತೆ” ಎಂದು ಅವಳ ತಾಯಿ ಹೇಳಿಕೊಟ್ಟಿದ್ದರು. ಇವಳು ಮಗಳಿಗೆ ಹೇಳಿಕೊಟ್ಟಿದ್ದಳು. ಅದೊಂದು ಕಾಯಿಲೆ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಆವತ್ತು ಬೆಳಿಗ್ಗೆ ಮಗಳು ಪುಟ್ಟಿ ಹಲ್ಲು ಕೀಳಿಸಿಕೊಂಡು ಬಂದಳು. ಸಂಜೆಯಾದರೂ ರಕ್ತ ನಿಲ್ಲಲಿಲ್ಲ. ಹೊಲಿಗೆ ಯಂತ್ರದ ಪಕ್ಕ ಕೂತು ಹತ್ತಿ ಬದಲಾಯಿಸುತ್ತಲೇ ಇದ್ದಳು.

ಹೊಲಿಯಲು ಕೊಟ್ಟ ಕೋಟು ಒಯ್ಯಲು ಬಂದ ಪಕ್ಕದ ಮನೆಯ ನರ್ಸಮ್ಮ, ರಕ್ತದ ಹತ್ತಿ ತುಂಬಿದ ಕಸದ ಡಬ್ಬಿ ನೋಡಿ ಬಾಗಿಲಲ್ಲೇ ನಿಂತಳು.

“ಏನಕ್ಕ ಇದು, ಬೆಳಿಗ್ಗೆಯಿಂದ ಹೀಗೇನಾ?”

“ನಿಲ್ಲುತ್ತೆ ಬಿಡಮ್ಮ” ಎಂದರು ಅಜ್ಜಿ, ಟೈಲರ್ ಅಕ್ಕನ ತಾಯಿ. “ನಮ್ಮ ಮನೆಯವರಿಗೆಲ್ಲ ಹಾಗೇನೇ. ನಾನು ಹಲ್ಲು ಕೀಳಿಸಿದಾಗ ದಿಂಬೆಲ್ಲ ಒದ್ದೆ. ಸತ್ತೆನಾ?”

“ನೋವಿಗೆ ಮಾತ್ರೆ ಕೊಟ್ರಾ?”

“ಮನೇಲೊಂದು ಹಳೇದಿತ್ತು, ಕೊಟ್ಟೆ” ಎಂದಳು ಟೈಲರ್ ಅಕ್ಕ.

“ಕೆಲವು ನೋವಿನ ಮಾತ್ರೆಯಿಂದ ರಕ್ತ ಇನ್ನೂ ಜಾಸ್ತಿ ಹೋಗುತ್ತೆ ಅಕ್ಕ. ಕೇಳದೆ ಕೊಡಬೇಡಿ. ಪುಟ್ಟಿ, ಹತ್ತಿ ಗಟ್ಟಿಯಾಗಿ ಕಚ್ಚಿಕೋ. ನಡೀರಿ ಆಸ್ಪತ್ರೆಗೆ.”

ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. “ಕಾಯಿಲೆಯವಳು ಅಂತ ಹೆಸರು ಬಿದ್ರೆ ನಾಳೆ ಇವಳ ಗತಿ ಏನು?”

“ಅಜ್ಜಿ, ರಕ್ತ ಹೆಪ್ಪುಗಟ್ಟೋಕೆ ಕೆಲವು ಅಂಶ ಬೇಕು. ಕೆಲವು ಮನೆಗಳಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ಅಪ್ಪನಿಂದಲೋ ಅಮ್ಮನಿಂದಲೋ ಬರುತ್ತೆ, ಯಾರ ತಪ್ಪೂ ಅಲ್ಲ. ಪರೀಕ್ಷೆ ಇದೆ, ಔಷಧಿ ಇದೆ. ನಿಮ್ಮಲ್ಲಿ ಯಾರಿಗಾದ್ರೂ ಹೆರಿಗೆಯಲ್ಲಿ ರಕ್ತ ನಿಲ್ಲದೆ ಕಷ್ಟವಾಗಿತ್ತಾ?”

ಅಜ್ಜಿ ಮೊಮ್ಮಗಳ ತುಟಿಯಂಚಿನ ರಕ್ತವನ್ನೇ ನೋಡುತ್ತಿದ್ದರು.

“ನನ್ನ ತಂಗಿಗೆ” ಎಂದರು ಕೊನೆಗೆ. “ಮಗು ಉಳೀತು, ಅವಳು ಉಳೀಲಿಲ್ಲ. ಹಣೆಬರಹ ಅಂದ್ಕೊಂಡ್ವಿ.”

ಆಮೇಲೆ ತಾವೇ ಬಗ್ಗಿ ಪುಟ್ಟಿಯ ಚಪ್ಪಲಿ ಮುಂದಿಟ್ಟರು. “ಏಳು ಮಗಾ. ನಾನೂ ಬರ್ತೀನಿ.”

ಆಸ್ಪತ್ರೆಯಲ್ಲಿ ಔಷಧಿ ಕೊಟ್ಟ ಮೇಲೆ ರಕ್ತ ನಿಂತಿತು. ಅಜ್ಜಿಯ ತಂಗಿಯ ವಿಷಯ ಕೇಳಿದ ಡಾಕ್ಟರು ಹೆಪ್ಪುಗಟ್ಟುವಿಕೆಯ ಪರೀಕ್ಷೆ ಬರೆದರು. ಮೊದಲ ಸಲ ಎಲ್ಲ ಸರಿಯಿದೆ ಎಂದು ಬಂತು. “ನಾನು ಹೇಳಲಿಲ್ವಾ?” ಎಂದು ಅಜ್ಜಿ ಬೀಗಿದರು. ಡಾಕ್ಟರು ಬಿಡಲಿಲ್ಲ: “ಒಮ್ಮೊಮ್ಮೆ ಮೊದಲ ಸಲಕ್ಕೆ ಸಿಗೋದಿಲ್ಲ, ಮತ್ತೆ ನೋಡೋಣ.” ಎರಡನೇ ಸಲ, ಹೆಪ್ಪುಗಟ್ಟಿಸುವ ಅಂಶ ಕಡಿಮೆ ಇರುವುದು ಸಿಕ್ಕಿಬಿತ್ತು. ಮನೆಯವರನ್ನೂ ಪರೀಕ್ಷಿಸಿದಾಗ ತಾಯಿಗೂ ಇತ್ತು, ಬೀಗಿದ ಅಜ್ಜಿಗೂ ಇತ್ತು.

ಈಗ ಪುಟ್ಟಿಯ ಮುಟ್ಟಿನ ಸ್ರಾವಕ್ಕೆ ಚಿಕಿತ್ಸೆ ಸಿಗುತ್ತಿದೆ. ಮೊನ್ನೆ ಟೈಲರ್ ಅಕ್ಕ ಅವಳಿಗೆಂದೇ ಬಿಳಿ ಬಟ್ಟೆ ಕತ್ತರಿಸಿದಳು. ಅಜ್ಜಿ ಅದನ್ನು ಸವರಿ ನೋಡಿ, “ನನ್ನ ತಂಗಿಗೂ ಬಿಳಿ ಅಂದ್ರೆ ಆಸೆ” ಎಂದು ಕಣ್ಣೊರೆಸಿಕೊಂಡರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಪದೇ ಪದೇ ಮೂಗಿನಿಂದ ರಕ್ತ ಬರುತ್ತದೆಯೇ? ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತದೆಯೇ? ಮುಟ್ಟಿನಲ್ಲಿ ವಿಪರೀತ ಸ್ರಾವವೇ? ಹಲ್ಲು ಕೀಳಿಸುವ, ಆಪರೇಷನ್ ಮಾಡಿಸುವ, ಹೆರಿಗೆಗೆ ಹೋಗುವ ಮೊದಲೇ ಡಾಕ್ಟರಿಗೆ ತಿಳಿಸಿ, ಪರೀಕ್ಷೆ ಮಾಡಿಸಿ. “ನಮ್ಮ ಮನೆಯವರಿಗೆಲ್ಲ ಹಾಗೇನೇ” ಎಂದು ಮನೆಯಲ್ಲಿ ಹೇಳಿಕೊಂಡು ಸುಮ್ಮನಾಗಬೇಡಿ. ಅದೇ ಮಾತನ್ನು ಡಾಕ್ಟರ ಮುಂದೆ ಹೇಳಿ. ಅವರಿಗೆ ಬೇಕಾಗಿರುವುದು ಅದೇ ಮಾತು.