ಮೂರನೇ ತೂತು, ಐದನೇ ತೂತು

ಬೂಟ್ ಪಾಲಿಶಿನ ವಾಸನೆ, ಟಿಂಚರ್ ವಾಸನೆಯನ್ನೂ ಮೀರಿ ಮೂಗಿಗೆ ಬರುತ್ತಿದೆ, ಹೊಸ ಚರ್ಮಕ್ಕೆ ಇಷ್ಟೊಂದು ಯಾರು ಬಳಿಯುತ್ತಾರೆ — ಮುಚ್ಚುವುದು ಏನಾದರೂ ಇದ್ದಾಗಲೇ ಮನುಷ್ಯ ಬಳಿಯುವುದು, ಸಾಗರದ ಈ ಡಾಕ್ಟರರ ಮೇಜಿನ ಮೇಲೆ ಎರಡು ಜೊತೆ ಬೂಟು, ಎರಡರಲ್ಲೂ ಎಡಗಾಲಿನದಕ್ಕೆ ಮಾತ್ರ ಮಂಡಿಯವರೆಗೆ ಬರುವ ಕಬ್ಬಿಣದ ಸರಳು, ಸರಳಿಗೆ ಚರ್ಮದ ಪಟ್ಟಿ, ಪಟ್ಟಿಗೆ ಕೊಂಡಿ, ಕಾಂಪೌಂಡರ್ ಸುಬ್ಬರಾಯರು ಎರಡನ್ನೂ ತಟ್ಟಿ ಹೇಳುತ್ತಾರೆ, ಎರಡೂ ಹೊಸದೇ ಕೆರಿಯಪ್ಪ, ಮಗೂಗೆ ಯಾವ್ದು ಹಿಡಿಸ್ತದೋ ಅದನ್ನ ತಗೊ — ಎರಡೂ ಹೊಸದಾದರೆ ಒಂದಕ್ಕೆ ಮಾತ್ರ ಯಾಕೆ ಈ ಕಪ್ಪು, ಇನ್ನೊಂದು ಪೆಟ್ಟಿಗೆಯಿಂದ ಬಂದ ಹಾಗೇ ಕೆಂಚಗೆ ಕೂತಿದೆಯಲ್ಲ, ಗಂಗಾ ಬೆಂಚಿನ ಮೇಲೆ ಕೂತು ಬಲಗಾಲು ಆಡಿಸುತ್ತಿದ್ದಾಳೆ, ಎಡಗಾಲು ಆಡುವುದಿಲ್ಲ, ಎರಡು ವರ್ಷದ ಹಿಂದೆ ಮೂರು ದಿನ ಜ್ವರ ಬಂತು, ಹೋಗುವಾಗ ಕಾಲಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು, ನನ್ನ ಮಗಳ ಮಗಳು, ಐದು ತುಂಬಿತು, ಇನ್ನೂ ಅಂಗಳದಲ್ಲಿ ಕೂತೇ ಜಾರುತ್ತಾಳೆ, ಇವತ್ತು ಬೆಳಿಗ್ಗೆ ಹೊಸನಗರದಲ್ಲಿ ಮಗಳು ಬಸ್ಸಿನ ಕಿಟಕಿ ಹಿಡಿದುಕೊಂಡು, ಅಪ್ಪಯ್ಯ, ಹೊಸದೇ ತಗಂಡು ಬಾ, ಯಾರ್ದೋ ಕಾಲಿಂದು ನನ್ನ ಮಗೀಗೆ ಬ್ಯಾಡ, ಅದನ್ನ ಹಾಕ್ಕಂಡಿದ್ದ ಮಗು ಬದುಕೈತೋ ಇಲ್ವೋ ಯಾರಿಗ್ ಗೊತ್ತು, ಆಯ್ತು ಮಾರಾಯ್ತಿ ಅಂದೆ, ಬಸ್ಸು ಹೊರಟಿತು.

ಮೊದಲು ಕೆಂಚನೆಯದನ್ನೇ ಹಾಕಿಸಿದೆ, ಹೊಸದು ಬೇಕಾದವರು ಹೊಸದನ್ನೇ ತಾನೇ ನೋಡಬೇಕು, ಅದು ದೊಡ್ಡ ಮಗುವಿನ ಅಳತೆ, ಬೂಟಿನೊಳಗೆ ಪಾದ ಮೊರದಲ್ಲಿ ಕಾಳು ಹೊರಳಿದ ಹಾಗೆ ಹೊರಳಿತು, ಗಂಗಾ ಬೆಂಚು ಹಿಡಿದು ಎದ್ದಳು, ಕಾಲು ಎತ್ತಲು ನೋಡಿದಳು, ಎದ್ದಿದ್ದು ಭುಜ, ಕಾಲಲ್ಲ, ಅಜ್ಜ ಇದು ನೆಲಾನೇ ಹಿಡ್ಕಂಡೈತೆ ಅಂದಳು, ಹತ್ತಿ ತುರುಕಿದ್ರೆ ಸರಿಹೋಗ್ತದೆ ಎನ್ನುತ್ತಾರೆ ರಾಯರು — ಸಡಿಲ ಲಾಳಕ್ಕೆ ಹತ್ತಿ ತುರುಕಿ ಎತ್ತನ್ನು ತೀರ್ಥಹಳ್ಳಿಗೆ ಗಾಡಿ ಕಟ್ಟಿ ಕಳಿಸಿದ್ದನ್ನು ಲಾಳ ಹೊಡೆದ ನಲವತ್ತು ವರ್ಷದಲ್ಲಿ ನಾನಂತೂ ಕಂಡಿಲ್ಲ, ಅಳತೆ ಕೊಟ್ಟರೆ ಬೆಂಗಳೂರಿನಿಂದ ಯಾವಾಗ ಬರುತ್ತದೆ ರಾಯರೇ, ಆರು ತಿಂಗಳು ಅಂತಿಟ್ಕೊ, ವರ್ಷಾನೂ ಆಗ್ಬಹುದು, ಅಷ್ಟರೊಳಗೆ ಕಾಲು ಬೆಳೆದಿರ್ತದೆ — ಸರಿ, ಕರೀದನ್ನು ಕೊಡಿ, ಹಾಕುವ ಮೊದಲು ಮಗುಚಿ ನೋಡುತ್ತೇನೆ, ಎಂತ ಮಾರಾಯ, ಎತ್ತು ಕೊಳ್ಳೋಕೆ ಬಂದ್ಯಾ, ಹಲ್ಲು ಹಿಡಿದು ನೋಡ್ತಿದೀಯಲ್ಲ, ಎತ್ತಿನ ಹಲ್ಲು ಸುಳ್ಳು ಹೇಳಲ್ಲ ರಾಯರೇ — ಅಟ್ಟೆ ಹೊಸದು, ಮೊಳೆ ಹೊಸದು, ಆದರೆ ಪ್ರತಿ ಮೊಳೆಯ ಪಕ್ಕದಲ್ಲೂ ಇನ್ನೊಂದು ತೂತು, ಮೇಣ ತುಂಬಿ ಕಪ್ಪು ಬಳಿದಿದೆ, ಹಳೇ ಮೊಳೆಯ ತೂತು, ಗೊರಸಿನ ಮೇಲೆ ಇದನ್ನು ಎಷ್ಟು ಸಲ ಕಂಡಿಲ್ಲ, ಉಗುರಿನಿಂದ ಕೆದಕಿ ಮೇಣವನ್ನು ಮೇಜಿನ ಮೇಲಿಟ್ಟೆ, ರಾಯರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು, ತೀರ್ಥಹಳ್ಳಿ ಕಡೆ ಜೈನರ ಮಗೂದು ಕೆರಿಯಪ್ಪ, ಶ್ರೇಯಾಂಸ ಅಂತ, ಅಪ್ಪನಿಗೆ ವರ್ಗ ಆಯ್ತು, ಇದನ್ನ ಇಲ್ಲೇ ಬಿಟ್ಟು ಹೋದ್ರು, ಮಗು ಏನಾಯ್ತು ರಾಯರೇ, ನಡೀತದಂತೆ — ಅಂತೆ, ಅಂತೆಗೆ ಕಾಲಿಲ್ಲ, ನೀವು ಕಂಡಿದೀರಾ, ನಾನೆಲ್ಲಿ ಕಾಣಲಿ ಮಾರಾಯ, ಅವರ ಮನೆ ಆಳು ಬಂದು ಇಟ್ಟು ಹೋದ, ಯಾವ ಊರಿಗೆ ವರ್ಗ, ಅದು ನೆನಪಿಲ್ಲ — ಹೆಸರು ನೆನಪಿದೆ, ಊರು ನೆನಪಿಲ್ಲವಂತೆ, ಸುಳ್ಳು ಹೇಳಿದ ಬಾಯಿ ನಿಜ ಹೇಳುವಾಗಲೂ ಅದೇ ಬಾಯಿ, ಹೇಗೆ ಗುರುತಿಸುವುದು, ಆದರೂ ನಾನೇನು ಹರಿಶ್ಚಂದ್ರನೇ, ಶೇಷಪ್ಪನ ಎತ್ತಿನ ಗೊರಸು ಗಾಯವಾಗಿದ್ದಾಗ ಸವೆದ ಲಾಳವನ್ನು ತಿಕ್ಕಿ ಹೊಳಪು ಬರಿಸಿ ಹೊಸದು ಅಂತಲೇ ಹೊಡೆದೆ, ಸವೆದದ್ದು ಹಗುರ, ಎತ್ತಿಗೆ ಅದೇ ಬೇಕಿತ್ತು, ಹಳೇದು ಅಂದಿದ್ದರೆ ಶೇಷಪ್ಪ ಒಪ್ಪುತ್ತಿದ್ದನೇ, ಎತ್ತು ಚೆನ್ನಾಗಿಯೇ ನಡೆಯಿತು.

ಹಾಕಿಸಿದೆ, ನೋಡೋಣ, ಬರೀ ನೋಡುವುದಕ್ಕೆ — ಬೂಟು ಪಾದವನ್ನು ಅಂಗೈಯ ಹಾಗೆ ಹಿಡಿಯಿತು, ಪಟ್ಟಿ ಎಳೆದೆ, ಕೊಂಡಿ ಮೂರನೇ ತೂತಿಗೆ ತಾನಾಗಿ ಹೋಗಿ ಕೂತಿತು, ಅಲ್ಲಿ ಚರ್ಮಕ್ಕೆ ಮೊದಲೇ ಒಂದು ಮಡಿಕೆ ಇದೆ, ಆ ಮಗುವಿಗೂ ಮೂರನೇ ತೂತೇ, ಆ ಕಾಲೂ ಇಷ್ಟೇ ಸಣ್ಣ, ಇರಲಿ, ಆದರೆ ಐದನೇ ತೂತಿನ ಹತ್ತಿರ ಇನ್ನೊಂದು ಮಡಿಕೆ, ಮೂರು ಬಿಗಿ, ಐದು ಸಡಿಲ, ಎರಡರಲ್ಲೂ ಕಟ್ಟಿದ್ದಾರೆ, ಯಾವುದು ಮೊದಲು — ಕರುವಿನ ಕೊರಳಪಟ್ಟಿ ಮೂರರಿಂದ ಐದಕ್ಕೆ ಹೋಗುತ್ತದೆ, ಕೊರಳು ತುಂಬಿಕೊಳ್ಳುತ್ತದೆ, ಮಾರಪ್ಪನ ಎತ್ತಿಗೆ ಸೊರಗು ಹಿಡಿದಾಗ ವಾರಕ್ಕೊಂದು ತೂತು ಒಳಕ್ಕೆ, ಐದು, ನಾಲ್ಕು, ಮೂರು, ಆಮೇಲೆ ಪಟ್ಟಿ ಮಾತ್ರ ಗೂಟದಲ್ಲಿ ನೇತಾಡಿತು — ಆ ಮಗುವಿನ ಕಾಲು ತುಂಬಿತೋ, ಬತ್ತಿತೋ, ಮಡಿಕೆಯ ಬಣ್ಣ ನೋಡಿದರೆ ಹೇಳಿಬಿಡುತ್ತಿದ್ದೆ, ಅದರ ಮೇಲೇ ಬಳಿದಿದ್ದಾರಲ್ಲ ಪುಣ್ಯಾತ್ಮರು, ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿದೆ, ಮೂರನೆಯದು ಆಳ, ಎಣ್ಣೆ ಕುಡಿದು ಬಿರಿದಿದೆ, ತಿಂಗಳುಗಟ್ಟಲೆ ಕಟ್ಟಿದ್ದು, ಐದನೆಯದು ತಿಕ್ಕಿದಷ್ಟೂ ಬಿಳಿಚಾಗಿ ಬಂತು, ಕೆಲವೇ ದಿನದ್ದು, ಕೊನೆಯ ಕೆಲವು ದಿನಗಳೋ — ಕಾಲು ತುಂಬಿ, ಇನ್ನು ಇದು ಬೇಡ ಎಂದು ಬಿಚ್ಚಿಟ್ಟ ದಿನಗಳೋ — ಮೊದಲ ಕೆಲವು ದಿನಗಳೋ, ಆಮೇಲೆ ಕಾಲು ಬತ್ತಿ ಮೂರಕ್ಕೆ ಬಂದದ್ದೋ, ನಲವತ್ತು ವರ್ಷದ ಕೈ, ಹೇಳಲಾರದು, ಎಂತ ನಿರ್ಧಾರ ಮಾಡಿದೆ ಕೆರಿಯಪ್ಪ, ಬಸ್ಸಿಗೆ ಹೊತ್ತಾಯ್ತಲ್ಲ, ಮಗಳಿಗೆ ಹೊಸದೇ ಅನ್ನಬೇಕು, ರಾಯರ ಹಾಗೆಯೇ ಬೂಟನ್ನು ತಟ್ಟಿ, ಮೊದಲು ಮೇಣ ತುಂಬಬೇಕು, ಅವಳದೂ ನನ್ನ ಕಣ್ಣೇ, ಹಳೇ ತೂತು ಕಂಡುಬಿಡುತ್ತದೆ — ಅಜ್ಜ, ಕೈ ಬಿಡು, ನಾನೇ ನಿಲ್ತೀನಿ, ಬಿಡುತ್ತೇನೆ ಪುಟ್ಟಿ, ಬಿಟ್ಟೆ, ನಿಂತಿದ್ದಾಳೆ, ಬೆಂಚನ್ನೂ ಹಿಡಿಯದೆ, ಒಂದು ಹೆಜ್ಜೆ, ಕಬ್ಬಿಣ ಟಕ್ ಎಂದಿತು, ಇನ್ನೊಂದು, ನಾನು ನೆಲದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೇನೆ, ಅವಳ ಮುಖ ನೋಡಬೇಕು, ನಗುತ್ತಿದ್ದಾಳೇನೋ, ಕಣ್ಣು ಮೇಲಕ್ಕೆ ಹೋಗುತ್ತಿಲ್ಲ, ಕೊಂಡಿಯಿಂದ ಹೊರಗೆ ಉಳಿದ ಪಟ್ಟಿಯ ತುದಿ ಹೆಜ್ಜೆಹೆಜ್ಜೆಗೂ ಆಡುತ್ತದೆ, ಅದರಲ್ಲಿ ಐದನೇ ತೂತು, ಖಾಲಿ, ಪಕ್ಕದಲ್ಲಿ ಬಿಳಿಚು ಗೆರೆ, ಐದನೇ ತೂತು —