ಲೋಹದ ಕೆನೆ

ಅತ್ತೆ ಆ ಸ್ಟೀಲ್ ಲೋಟವನ್ನು ಮತ್ತೊಮ್ಮೆ ತೊಳೆಯುತ್ತಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿ, ತಿರುಗಿ ನಲ್ಲಿಯ ಕೆಳಗೆ ಇಟ್ಟರು. ಒಲೆಯ ಮೇಲೆ ಹಾಲು ಕಾಯುತ್ತಿತ್ತು.

“ಕೊಡಿ ಅತ್ತೆ, ಡಿಕಾಕ್ಷನ್ ಇಳಿದಿದೆ. ನಾನು ಬೆರೆಸ್ತೀನಿ,” ಎಂದಳು ವಿಂಧ್ಯಾ.

“ಬೇಡ. ನನ್ನದು ನಾನೇ ಮಾಡಿಕೊಳ್ತೇನೆ.”

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ವಡೋದರಾದ ಆ ಸಣ್ಣ ಫ್ಲ್ಯಾಟಿಗೆ ಇದೇ ಮೊದಲ ಮಾಮೂಲಿ ಬೆಳಗು. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು, ಕೆಳಗೆ ತರಕಾರಿ ಗಾಡಿಯವನ ಕೂಗು, ಎದುರು ಮನೆಯ ಕುಕ್ಕರಿನ ಸೀಟಿ. ಇಂಥದ್ದೇ ಒಂದು ಬೆಳಿಗ್ಗೆ, ಇದೇ ಅಡಿಗೆಕಟ್ಟೆಗೆ ಒರಗಿ, ಅವಳು ಬೆರೆಸಿಕೊಟ್ಟ ಕಾಫಿ ಕುಡಿದ ಗಂಡ ಗುರುಕಿರಣ ಎದೆ ಹಿಡಿದುಕೊಂಡು ಕೂತಿದ್ದ. ಮತ್ತೆ ಏಳಲಿಲ್ಲ. ಹೃದಯಾಘಾತ ಎಂದರು ಡಾಕ್ಟರು. ಪೋಸ್ಟ್‌ಮಾರ್ಟಮ್ ಮಾಡಿಸುತ್ತೀರಾ ಎಂದು ಕೇಳಿದಾಗ ಬೇಡ ಎಂದವಳು ವಿಂಧ್ಯಾ. ಆ ‘ಬೇಡ’ ಈಗ ಮನೆಯಲ್ಲಿ ಮೂರನೆಯ ಮನುಷ್ಯನ ಹಾಗೆ ಕೂತಿತ್ತು.

ಅತ್ತೆ ಕಮಲಾಕ್ಷಮ್ಮ ಲೋಟ ಬೋರಲು ಹಾಕಿದರು. ಸೆರಗಿನಲ್ಲಿ ಕೈಯೊರೆಸಿಕೊಂಡು ತಮ್ಮ ಬ್ಯಾಗಿನಿಂದ ಕರ್ಚೀಫಿನ ಗಂಟೊಂದನ್ನು ತಂದು ಬಿಚ್ಚಿದರು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬಾಟಲಿ. ಒಳಗೆ ನೀರಿನಂಥದು, ತಳದಲ್ಲಿ ಬೆಳ್ಳಿಯ ಉಂಡೆ. ಓರೆ ಮಾಡಿದ ಕೂಡಲೇ ಉಂಡೆ ಸರ್ರನೆ ಆಚೆ ಬದಿಗೆ ಓಡಿತು.

“ಇಂಗು ಹುಡುಕುವಾಗ ಸಿಕ್ಕಿದ್ದು. ಮೇಲಿನ ಶೆಲ್ಫಲ್ಲಿ, ಡಬ್ಬಿಗಳ ಹಿಂದೆ. ಅಡಿಗೆಮನೆಯಲ್ಲಿ ಪಾದರಸ, ಅಂಥ ವಿಷ, ಎಂತಕ್ಕೆ?”

“ಪಾದರಸ ಅಲ್ಲ ಅತ್ತೆ. ಗ್ಯಾಲಿಯಂ ಬೆರೆಸಿದ ಲೋಹ, ಪಾದರಸದ ಹಾಗೆ ನೀರಾಗಿರುತ್ತೆ, ವಿಷ ಅಲ್ಲ. ಅವರು ಯೂನಿವರ್ಸಿಟಿ ಲ್ಯಾಬಿನ ಪ್ರಾರ್ಥನಾ ಹತ್ರ ಕೇಳಿ ತಂದಿದ್ದು. ಭಾನುವಾರ ಇಲ್ಲೇ ಕೂತು ರಬ್ಬರ್ ಹಾಳೆ ಮೇಲೆ ಅದರಲ್ಲಿ ಗೆರೆ ಎಳೀತಿದ್ದರು. ರಬ್ಬರ್ ಎಳೆದರೂ ತುಂಡಾಗದ ತಂತಿ ಮಾಡ್ತೀನಿ ಅಂತ.”

ನಿಜವನ್ನೇ ಹೇಳಿದ್ದಳು. ಆದರೆ ಅವಳ ಕಿವಿಗೇ ಅದು ಕಟ್ಟಿದ ಕಥೆಯಂತೆ ಕೇಳಿಸಿತು.

“ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೀನು,” ಎಂದರು ಅತ್ತೆ. “ಎಲ್ಲರೂ ನೋಡಿದ್ದಾರೆ. ಮಧ್ಯಾಹ್ನ ರಘು ಬರ್ತಾನೆ, ನನ್ನನ್ನು ಕರಕೊಂಡು ಹೋಗ್ಲಿಕ್ಕೆ. ಇದನ್ನು ಅವನ ಕೈಗೆ ಕೊಡ್ತೇನೆ. ಪೊಲೀಸಿಗೆ ಕೊಡುದೋ ಬಿಡುದೋ, ಅವನಿಗೆ ಬಿಟ್ಟದ್ದು.”

ರಘುರಾಮ ಗುರುಕಿರಣನ ಅಣ್ಣ. ಅಹಮದಾಬಾದಿನ ನವರಂಗಪುರದಲ್ಲಿ ಹೋಟೆಲು. ಅವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಗುಜರಾತಿನಲ್ಲಿದ್ದ ಎಲ್ಲ ಬಂಧುಗಳ ಮನೆ ಮುಟ್ಟುತ್ತದೆ. ವಿಂಧ್ಯಾ ಒಲೆ ಆರಿಸಿದಳು.

“ಪಾದರಸ ನೀವು ನೋಡಿದ್ದೀರಾ?”

“ನೋಡದೆ? ಹೋಟೆಲಲ್ಲಿ ಒಮ್ಮೆ ಥರ್ಮಾಮೀಟರ್ ಒಡೆದು ರುಬ್ಬುವ ಕಲ್ಲಿನ ಅಡಿಗೆ ಓಡಿತ್ತು. ಹಿಡೀಲಿಕ್ಕೆ ಹೋದ್ರೆ ಹತ್ತಾಗ್ತದೆ, ಕೈಗೆ ಅಂಟುದಿಲ್ಲ. ವರ್ಷ ಬಿಟ್ಟು ಕಲ್ಲು ಎತ್ತಿದಾಗ್ಲೂ ಹಾಗೇ ಹೊಳೀತಿತ್ತು, ಮಾರಾಯ್ತಿ.”

ವಿಂಧ್ಯಾ ಬಾಟಲಿಗೆ ಕೈ ಚಾಚಿದಳು. ಅತ್ತೆ ಕೊಡಲು ಹಿಂದೆಮುಂದೆ ನೋಡಿದರು. ಕೊಟ್ಟ ಮೇಲೂ ಅವಳ ಕೈಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಒಳಗಿರೋದು ಆಸಿಡ್ ಬೆರೆಸಿದ ನೀರು. ಅದು ಇರೋ ತನಕ ಹೀಗೆ ಓಡ್ತಿರುತ್ತೆ.” ನಲ್ಲಿ ಬಿಟ್ಟು ಆ ನೀರನ್ನು ಸಿಂಕಿಗೆ ಬಸಿದಳು. ಎರಡು ಸಲ ಜಾಲಿಸಿ ಉಂಡೆಯನ್ನು ಗಾಜಿನ ತಟ್ಟೆಗೆ ಸುರಿದಳು. ಬಿದ್ದಾಗ ಕನ್ನಡಿಯಂತಿದ್ದದ್ದು ನೋಡುತ್ತಿದ್ದಂತೆ ಮಂಕಾಯಿತು. ತಟ್ಟೆ ಓರೆ ಮಾಡಿದರೆ ಓಡಲಿಲ್ಲ.

“ನೀನು ಎಮ್ಮೆಸ್ಸಿ ಕಲಿತವಳು. ಎಂತ ಬೇಕಾದ್ರೂ ಮಾಡಿ ತೋರಿಸಬಹುದು ನಿನಗೆ.”

“ಹಾಗಾದರೆ ನೀವೇ ಮಾಡಿ.” ಒಂದು ಬೆಂಕಿಕಡ್ಡಿ ತೆಗೆದು ಅವರ ಕೈಗಿಟ್ಟಳು.

ಕಮಲಾಕ್ಷಮ್ಮ ಹಾವನ್ನು ಮುಟ್ಟುವವರಂತೆ ಕಡ್ಡಿ ಚುಚ್ಚಿ ಎಳೆದರು. ಲೋಹ ಬಾಲದಂತೆ ಹಿಂದೆ ಬಂತು. ಕಡ್ಡಿ ಎತ್ತಿದರೂ ಬಾಲ ಮುದುಡಲಿಲ್ಲ. ಮೇಲೆ ಸಣ್ಣ ಸಣ್ಣ ಸುಕ್ಕು. ಇನ್ನೊಂದು ದಿಕ್ಕಿಗೆ ಎಳೆದರು. ಅಲ್ಲಿಯೂ ಹಾಗೇ ನಿಂತಿತು.

“ಕೆನೆ ಕಟ್ಟಿತಲ್ಲ,” ಎಂದರು ಮೆಲ್ಲಗೆ. “ಹಾಲಿನ ಹಾಗೆ.”

“ಗಾಳಿ ತಾಗಿತಲ್ಲ, ಅದಕ್ಕೆ. ಒಳಗೆ ಇನ್ನೂ ನೀರಾಗೇ ಇದೆ.”

ವಿಂಧ್ಯಾ ತೋರುಬೆರಳಿನಿಂದ ಆ ಸುಕ್ಕನ್ನು ಒತ್ತಿದಳು. ಕೆನೆ ಒಡೆದು ಬೆಳ್ಳಿ ಉಗುರಿನವರೆಗೆ ಅಂಟಿತು. ಅಷ್ಟರಲ್ಲಿ ಅತ್ತೆ ಅವಳ ಬೆರಳನ್ನೇ ಹಿಡಿದು ಎಳೆದುಬಿಟ್ಟಿದ್ದರು.

“ಎಂತ ಮಾಡ್ತೀಯ ನೀನು! ಏನಾದ್ರೂ ಆದ್ರೆ!”

ಅತ್ತೆಯ ಅಂಗೈಗೂ ಬೂದುಬಣ್ಣ ಹತ್ತಿತ್ತು. ಅದನ್ನೇ ನೋಡುತ್ತ ಕೇಳಿದರು: “ಹಾಗಾದ್ರೆ ಅವ ಎಂತಕ್ಕೆ ಹೋದ?”

“ಗೊತ್ತಿಲ್ಲ ಅತ್ತೆ.”

“ಯಾರೂ ಎಂತದೂ ಮಾಡದೆ?”

ಕಮಲಾಕ್ಷಮ್ಮ ಕಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು, ಮಗ ಕೂತಿದ್ದ ಜಾಗದಲ್ಲೇ. ಬಹಳ ಹೊತ್ತಿನ ಮೇಲೆ ಎದ್ದು, ತಟ್ಟೆಯ ಲೋಹವನ್ನು ಅದೇ ಕಡ್ಡಿಯಿಂದ ಬಳಿದು ಬಳಿದು ಬಾಟಲಿಗೆ ತುಂಬಿದರು.

“ಕೇಳಿ ತಂದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ರಘು ಬರುವ ಮೊದಲು ಕೊಟ್ಟು ಬಾ.” ಬಾಗಿಲಿನವರೆಗೆ ಬಂದು ಮತ್ತೆ ಹೇಳಿದರು, “ಬೇಗ ಬಾ. ನಾನು ಇನ್ನೂ ಕಾಫಿ ಕುಡಿಲಿಲ್ಲ.”

ಫತೇಗಂಜಿನಲ್ಲಿ ಆಟೋ ಇಳಿದು ವಿಂಧ್ಯಾ ಯೂನಿವರ್ಸಿಟಿ ಲ್ಯಾಬಿನ ಮೆಟ್ಟಿಲು ಹತ್ತಿದಳು. ಪ್ರಾರ್ಥನಾ ಬಾಗಿಲಿಗೇ ಓಡಿಬಂದಳು.

“ಭಾಭಿ, ಇದಕ್ಕೋಸ್ಕರ ನೀವ್ಯಾಕೆ ಬರೋಕೆ ಹೋದಿರಿ? ರೆಹನೇ ದೇತೇ ನಾ, ಅಲ್ಲೇ ಇದ್ದಿದ್ದರೆ ಆಗ್ತಿತ್ತು!”

“ಸ್ವಲ್ಪ ಕಮ್ಮಿ ಆಗಿದೆ. ತಟ್ಟೆಗೆ ಹತ್ತಿದ್ದು ಬರಲಿಲ್ಲ.”

ಪ್ರಾರ್ಥನಾ ಬಾಟಲಿಯನ್ನು ಕಿಟಕಿಗೆ ಹಿಡಿದಳು. ಗೋಡೆಗೆಲ್ಲ ಮೆತ್ತಿಕೊಂಡು, ಮಂಕಾಗಿ, ಸುಕ್ಕುಗಟ್ಟಿ ಕೂತಿತ್ತು ಲೋಹ. ಶೆಲ್ಫಿನ ಸೀಸೆಯಿಂದ ನಾಲ್ಕಾರು ಹನಿ ಆಸಿಡ್ ಬಿಟ್ಟು ಮುಚ್ಚಳ ಹಾಕಿ ಅಲುಗಿಸಿದಳು. ಸುಕ್ಕು ಬಿಟ್ಟಿತು. ಅಲ್ಲಲ್ಲಿ ಅಂಟಿದ್ದೆಲ್ಲ ಜಾರಿ ಕೆಳಗಿಳಿದು, ಒಂದಕ್ಕೊಂದು ಸೇರಿ ಉಂಡೆಯಾಗಿ, ತಳದಲ್ಲಿ ನಡುಗುತ್ತ ನಿಂತಿತು.

ವಿಂಧ್ಯಾ ಅದನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿ ಬಂದದ್ದನ್ನು ಪ್ರಾರ್ಥನಾ ಕಂಡಳು. ಪಕ್ಕದ ಸ್ಟೂಲನ್ನು ಸದ್ದಾಗದಂತೆ ಅವಳ ಹತ್ತಿರಕ್ಕೆ ಸರಿಸಿದಳು.