ಹಸಿರು ಗುಂಡಿಯ ಕಡ್ಡಿ

ಫ್ಯಾನು ತಿರುಗತೊಡಗಿದ್ದೇ ತಡ, ಕನಕರಾಯ ಬೆಂಚಿನ ಮೇಲೆ ಹತ್ತಿ ನಿಂತು ಕಿರುಚಿದ: "ಬಂದ್ ಮಾಡ್ರೀ! ಅಣ್ಣ ನೀರಾಗ ಅದಾನ, ಬಂದ್ ಮಾಡ್ರೀ!"

ಸಿಂಧನೂರಿನ ಆ ಪರೀಕ್ಷಾ ಕೋಣೆಯಲ್ಲಿ ಅರ್ಧ ಗಂಟೆಯಿಂದ ಇಲ್ಲದಿದ್ದ ಕರೆಂಟು ಆಗಷ್ಟೇ ಬಂದಿತ್ತು. ಹಂಪಣ್ಣ ಮಾಸ್ತರು ತೋಳು ಹಿಡಿಯುವಷ್ಟರಲ್ಲಿ ಅವನು ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಉತ್ತರಪತ್ರಿಕೆ ಬಿಟ್ಟು, ಬರಿಗಾಲಲ್ಲಿ ಬಯಲಿಗೆ ಓಡಿದ್ದ.

"ಲೇ, ಗಣಿತ ಮೈಯಾಗ ಬಂತಲೇ ಇವಗ," ಎಂದ ಹಿಂದಿನ ಬೆಂಚಿನವ. ಯಾರೋ ನಕ್ಕರು.

ಸಂಜೆ ಜವಳಗೇರಾದ ಮನೆಯ ಕಟ್ಟೆಯ ಮೇಲೆ ಕಾರಣ ಹುಡುಕುವವರು ಕೂಡಿದರು. ಹುಡುಗನನ್ನು ಬಸ್ಸಿನಲ್ಲಿ ಕರೆತಂದ ಮಾಸ್ತರು, "ಓದಿ ಓದಿ ತಲಿ ಕಾದೈತ್ರೀ. ಲಿಂಗಸುಗೂರಾಗ ಒಬ್ಬರು ಡಾಕ್ಟರ್ ಅದಾರ, ತೋರಸ್ರಿ," ಎಂದರು.

ಕಪ್ಪು ದಾರ ಕಟ್ಟಲು ಬಂದಿದ್ದ ಅಮೀನ್‌ಸಾಬ್ ಒಪ್ಪಲಿಲ್ಲ. "ಡಾಕ್ಟರ್ ಸೂಜಿ ಚುಚ್ಚತಾನ, ಅಷ್ಟ. ಕಾಲುವಿ ದಂಡ್ಯಾಗ ಅಂಜ್ಯಾನ್ರೀ ಹುಡುಗ."

ತಾಯಿ ತಿಮ್ಮವ್ವ ಇಬ್ಬರ ಮಾತನ್ನೂ ತಳ್ಳಿಹಾಕಿದಳು. "ಕಾರಣ ಒಳಗ ಕುಂತು ಅಕ್ಕಿ ಆರಸಾಕತ್ತೈತಿ. ಆ ಕಾಲು ಮನ್ಯಾಗಿಟ್ಟು ಮೂರು ತಿಂಗಳಿಗೆ ದೊಡ್ಡಾವನ್ನ ನುಂಗಿತು. ಈಗ ಸಣ್ಣಾವನ ಮ್ಯಾಲ ಕಣ್ಣು ಬಿದ್ದೈತಿ. ನಾಳೆ ಮಸ್ಕಿ ಬಸ್ ಹತ್ತಲಿ, ತವರಿಗೆ ಹೋಗಲಿ."

ಒಳಗೆ, ದೊಡ್ಡ ಮಗ ಸೂಗಪ್ಪನ ವಿಧವೆ ಆದಮ್ಮನ ಮೊರ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಸಪ್ಪಳ ಮಾಡಿತು. ಅವಳಿಗೆ ಹತ್ತೊಂಬತ್ತು.

ಕನಕರಾಯನಿಗೆ ಕಾರಣ ಗೊತ್ತಿತ್ತು. ಕೇಳಿದ್ದರೆ ಹೇಳಿಬಿಡುತ್ತಿದ್ದ. ಎಲ್ಲರೂ ಅವನ ಬಗ್ಗೆ ಕೇಳಿದರು, ಅವನನ್ನು ಕೇಳಲಿಲ್ಲ.

ಮೂರು ತಿಂಗಳ ಹಿಂದೆ, ಎಂಬತ್ತೆಂಟರ ಜನವರಿ. ಗದ್ದೆಗೆ ನೀರೆತ್ತುವ ಮೋಟಾರು ಕಾಲುವೆಯ ದಂಡೆಯ ಮೇಲಿತ್ತು. ಕರೆಂಟು ಬರುವ ಹೊತ್ತಿಗೆ ಒಂದು ಲೆಕ್ಕವಿರಲಿಲ್ಲ. ಕಾಯುತ್ತ ಕೂರುವ ಬದಲು ಆ ಸೀಮೆಯವರೆಲ್ಲ ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿ, ಅದು ಹೊರಬರದಂತೆ ಸಂದಿಗೆ ಕಡ್ಡಿ ಸಿಕ್ಕಿಸಿ ಹೋಗುತ್ತಿದ್ದರು. ಕರೆಂಟು ಬಂದಾಗ ಮೋಟಾರು ತಾನಾಗಿಯೇ ಶುರುವಾಗುತ್ತಿತ್ತು. ಅಂದು ಕನಕರಾಯನೂ ಜಾಲಿ ಕಡ್ಡಿಯೊಂದನ್ನು ಸಿಕ್ಕಿಸಿ, ಕ್ರಿಕೆಟ್ ಕಾಮೆಂಟರಿ ಕೇಳಲು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದ. ಅಣ್ಣನಿಗೆ ಹೇಳಲಿಲ್ಲ. ಪೈಪಿನ ಬಾಯಿಗೆ ಕಟ್ಟಿಕೊಂಡ ಕಸ ತೆಗೆಯಲು ಸೂಗಪ್ಪ ಎದೆಮಟ್ಟ ನೀರಿಗಿಳಿದಿದ್ದ. ಮೋಟಾರಿನ ವೈರು ಎಲ್ಲೋ ಸುಲಿದಿತ್ತು.

ಹೋಟೆಲಿನ ಬಲ್ಬು ಹತ್ತಿದಾಗ ಕನಕರಾಯನಿಗೆ ಖುಷಿಯಾಗಿತ್ತು. ಗದ್ದೆಗೆ ನೀರು ಬಿತ್ತು ಅಂದುಕೊಂಡು ಇನ್ನೊಂದು ಚಹಾ ಹೇಳಿದ್ದ. ಅಣ್ಣನ ಹೆಣಕ್ಕಿಂತ ಆ ಖುಷಿಯೇ ಅವನನ್ನು ಹಿಂಬಾಲಿಸುತ್ತಿತ್ತು. ಊರಲ್ಲಿ ಎಲ್ಲಿ ಬಲ್ಬು ಹತ್ತಿದರೂ ಅದು ಮೊದಲು ಬರುತ್ತಿತ್ತು, ನೀರಿನ ವಾಸನೆ ಆಮೇಲೆ.

ಮಾಸ್ತರು ಹೋದ ಮೇಲೆ ತಂದೆ ಗಿಡ್ಡಪ್ಪ ಅವನನ್ನು ಕೊಟ್ಟಿಗೆಗೆ ಕರೆದ. ಎತ್ತಿನ ಬೆನ್ನು ತಿಕ್ಕುತ್ತ, ಮುಖ ನೋಡದೆ ಹೇಳಿದ: "ಆ ಕಡ್ಡಿ ಅವತ್ತ ನಾನ ಕಿತ್ತು ಒಲಿಗೆ ಹಾಕೀನಿ. ಮಂದಿ ಬರೋದರಾಗ."

"ನಿನಗ ಗೊತ್ತಿತ್ತೇನಪ್ಪಾ?"

"ಇದ್ದೊಬ್ಬ ಮಗನ್ನರ ಉಳಿಸಿಕೋಬೇಕಲ್ಲ. ಅಕಿ ನಾಳೆ ಹೋಗ್ತಾಳ. ಮನಿ ತಣ್ಣಗಾಕ್ಕೈತಿ. ನೀ ಬಾಯಿ ಮುಚ್ಚಿಕೊಂಡಿರು."

ಮೂರು ತಿಂಗಳಿಂದ ಅವ್ವ ಆ ಕಾಲನ್ನು ಬೈಯುವಾಗೆಲ್ಲ ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದುದು ನೆನಪಾಯಿತು. ಅದನ್ನು ಅವನು ದುಃಖವೆಂದು ತಿಳಿದಿದ್ದ.

ಮರುದಿನ ಬೆಳಿಗ್ಗೆ ಆದಮ್ಮ ತಗಡಿನ ಪೆಟ್ಟಿಗೆ ಹೊತ್ತು ಒಬ್ಬಳೇ ರಸ್ತೆಗೆ ಬಂದಳು. ಕನಕರಾಯ ಹಿಂದೆಯೇ ಓಡಿದ. ಬೇವಿನ ಗಿಡದ ಕೆಳಗೆ, ಏದುಸಿರಿನಲ್ಲೇ, ಕಡ್ಡಿ, ಕಾಮೆಂಟರಿ, ಎರಡನೇ ಚಹಾ, ಅಪ್ಪನ ಒಲೆ, ಯಾವುದನ್ನೂ ಬಿಡದೆ ಹೇಳಿದ.

ಆದಮ್ಮ ಪೆಟ್ಟಿಗೆ ಇಳಿಸಿದಳು. ಬಹಳ ಹೊತ್ತು ತನ್ನ ಪಾದಗಳನ್ನೇ ನೋಡಿದಳು.

"ಮೂರು ತಿಂಗಳು," ಎಂದಳು. "ನಿಮ್ಮವ್ವ ಅಂದಾಗೆಲ್ಲ ನಾನೂ ಖರೇ ಅನಕೊಂಡೆನೋ. ಕಾಲು ತೊಳಕೊಳ್ಳಾಕೂ ಹೇಸಿಗಿ ಬರ್ತಿತ್ತು."

"ಬಡಿ ಅತ್ತಿಗಿ, ಚಪ್ಪಲಿ ತಗೊಂಡು ಬಡಿ."

ಕಾಲುವೆಯ ಏರಿಯ ಮೇಲೆ ಬಸ್ಸಿನ ಧೂಳು ಕಂಡಿತು. ಕನಕರಾಯ ಪೆಟ್ಟಿಗೆಯ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ನಡಿ, ಮನಿಗೆ ಹೋಗೂನು. ಊರ ಮುಂದ ನಿಂತು ಎಲ್ಲಾ ಹೇಳ್ತೀನಿ. ಅವ್ವನ ಕೈಲಿ ತಪ್ಪಾತು ಅನಸ್ತೀನಿ. ನೀ ಇದ್ರ ನನ್ನ ತಲಿ ನೆಟ್ಟಗಾಕ್ಕೈತಿ ಅತ್ತಿಗಿ. ಅದು ನಿನ್ನ ಮನಿ, ನೀ ಇರು."

ಬಸ್ಸು ಬಂದು ನಿಂತಿತು. ಆದಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಹೇಳೋದಿದ್ರ ನಿನ್ನ ಸಲುವಾಗಿ ಹೇಳಿಕೋ," ಎಂದಳು. "ನಾ ಇರಾಕ ಒಲ್ಲೆ."